ಒಳಗೆ ಉಳಿದ ನೀರು

ಶಿಷ್ಯ ಕೇಳಿದ: "ಗುರುಗಳೇ, ತಪ್ಪು ನಡೆಯುತ್ತಿರುವುದು ಕಣ್ಣಿಗೆ ಕಂಡಿತು. ನಾನು ಬಾಯಿ ಬಿಟ್ಟು ಹೇಳಿದೆ. ಕೇಳಬೇಕಾದವರು ಕೇಳಲಿಲ್ಲ. ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆಯೇ?"

ಅವನು ಯಾವುದನ್ನು ಕೇಳುತ್ತಿದ್ದಾನೆಂದು ಗುರುಗಳಿಗೆ ಗೊತ್ತಿತ್ತು. ಮಠದಲ್ಲಿ ವೃದ್ಧ ಸಾಧಕರೊಬ್ಬರು ಉಪವಾಸಕ್ಕೆ ಕುಳಿತಿದ್ದರು. ನಡುವೆ ಜ್ವರ ಬಂತು. ವ್ರತ ಮುರಿಯಬಾರದು ಎಂದು ಮಠದ ಹಿರಿಯರು ಹೇಳಿದರು. ಇವರಿಗೆ ಗಂಜಿ ಕುಡಿಸಬೇಕು, ವೈದ್ಯರನ್ನು ಕರೆಸಬೇಕು ಎಂದು ಶಿಷ್ಯ ಹೇಳಿದ. ಹಿರಿಯರು ಕೇಳಲಿಲ್ಲ. ಸಾಧಕರು ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದಂದಿನಿಂದ ಶಿಷ್ಯನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಇದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಇಂದುಮತಿ ಎಂಬ ವೈದ್ಯೆ ಇದ್ದಳು. ಆಪರೇಷನ್ನಿಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವುದು, ಮುಗಿಯುವ ತನಕ ಅವನ ಉಸಿರು, ನಾಡಿ, ರಕ್ತದ ಒತ್ತಡ ನೋಡಿಕೊಳ್ಳುವುದು ಆಕೆಯ ಕೆಲಸ. ಕೊಯ್ಯುವವರ ಕಣ್ಣು ಕೊಯ್ಯುವ ಜಾಗದ ಮೇಲಿರುತ್ತದೆ. ಇಡೀ ಮನುಷ್ಯನನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಇಂದುಮತಿ.

ಅದೇ ಆಸ್ಪತ್ರೆಯಲ್ಲಿ ದೇಸಾಯಿ ಎಂಬ ಹಿರಿಯ ಶಸ್ತ್ರವೈದ್ಯರಿದ್ದರು. ಮೂತ್ರದ ಕಾಯಿಲೆಗೆ ಸುತ್ತಲಿನ ತಾಲ್ಲೂಕುಗಳ ಜನರೆಲ್ಲ ಅವರ ಬಳಿಗೇ ಬರುತ್ತಿದ್ದರು. ಬಡವ, ಬಲ್ಲಿದ ಎಂಬ ಭೇದ ಅವರಲ್ಲಿರಲಿಲ್ಲ. ರೋಗಿಯ ಹಾಸಿಗೆಯ ಅಂಚಿನಲ್ಲಿ ಕುಳಿತು ಮಾತಾಡಿಸುತ್ತಿದ್ದರು. ದೇಸಾಯಿ ಡಾಕ್ಟರ ಕೈ ಮುಟ್ಟಿದ ಮೇಲೆ ರೋಗಿ ಎರಡನೆಯ ಸಲ ಆಪರೇಷನ್ ಮೇಜು ಹತ್ತುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಮಾತು ಅವರ ಕಿವಿಗೂ ಬಿದ್ದಿತ್ತು. ಕೇಳಿ ಕೇಳಿ ಅದನ್ನು ಉಳಿಸಿಕೊಳ್ಳುವ ಆಸೆಯೂ ಹುಟ್ಟಿತ್ತು.

ಇಂದುಮತಿ ಅವರಿಗೆ ಎದುರಾಡುತ್ತಿರಲಿಲ್ಲ. ಅದಕ್ಕೆ ಹೆದರಿಕೆ ಕಾರಣವಲ್ಲ. ಆಕೆ ಓದುತ್ತಿದ್ದಾಗ ಆಕೆಯ ತಂದೆಗೆ ಮೂತ್ರ ಕಟ್ಟಿ, ವಿಷ ಮೈಗೇರಿ, ಇನ್ನು ಉಳಿಯುವುದಿಲ್ಲ ಎಂದಾಗಿತ್ತು. ದೇಸಾಯಿಯವರು ಮನೆಗೆ ಹೋಗದೆ ಆ ಹಾಸಿಗೆಯ ಪಕ್ಕದಲ್ಲೇ ಕುಳಿತು ಅವರನ್ನು ಉಳಿಸಿದ್ದರು. ಓದು ಮುಗಿಸಿ ಆಕೆ ಕೆಲಸಕ್ಕೆ ಸೇರಿದ್ದೂ ಅವರು ಕರೆದರು ಎಂಬ ಕಾರಣಕ್ಕೇ. ಕೆಲಸದ ಒಳಗುಟ್ಟುಗಳನ್ನು ಕಲಿತದ್ದೂ ಅವರ ಮೇಜಿನ ಬಳಿಯೇ.

ವಯಸ್ಸಾದ ಗಂಡಸರಿಗೆ ಬರುವ ಒಂದು ತೊಂದರೆ ಇದೆ. ಮೂತ್ರದ ದಾರಿಯನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ಆ ದಾರಿಯನ್ನೇ ಹಿಸುಕುತ್ತದೆ. ದೇಸಾಯಿಯವರು ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ, ಕಣ್ಣಿಟ್ಟು ಒಳಗೆ ನೋಡಬಲ್ಲ ಸಣ್ಣ ಕೊಳವೆ ಇಳಿಸಿ, ಬೆಳೆದ ಮಾಂಸವನ್ನು ಒಳಗಿನಿಂದ ಚೂರು ಚೂರಾಗಿ ಕೆರೆದು ತೆಗೆಯುತ್ತಿದ್ದರು. ಕೆರೆದಲ್ಲಿ ರಕ್ತ ಬರುತ್ತದೆ. ರಕ್ತ ಬಂದರೆ ಏನೂ ಕಾಣುವುದಿಲ್ಲ. ಅದಕ್ಕಾಗಿ ಮೇಲಿನಿಂದ ನೀರು ಬಿಡುತ್ತಲೇ ಇರಬೇಕು. ಅದು ಬರಿಯ ನೀರಲ್ಲ, ಈ ಕೆಲಸಕ್ಕೆಂದೇ ತಯಾರಿಸಿದ ದ್ರಾವಣ. ಆದರೂ ಅಲ್ಲಿ ಎಲ್ಲರೂ ಅದನ್ನು ನೀರೆಂದೇ ಕರೆಯುತ್ತಿದ್ದರು. ನೀರು ಒಳಗೆ ಹೋಗಿ, ರಕ್ತವನ್ನು ತೊಳೆದುಕೊಂಡು ಹೊರಬಂದು ಬಕೆಟ್ಟಿಗೆ ಬೀಳುತ್ತದೆ.

ಒಳಗೆ ಹೋದದ್ದೆಲ್ಲ ಹೊರಗೆ ಬರುವುದಿಲ್ಲ. ಕೆರೆದಾಗ ಬಾಯಿ ತೆರೆದುಕೊಂಡ ರಕ್ತನಾಳಗಳು ಒಂದಿಷ್ಟನ್ನು ಹೀರಿಕೊಳ್ಳುತ್ತವೆ. ಸ್ವಲ್ಪವಾದರೆ ಮೈ ತಡೆದುಕೊಳ್ಳುತ್ತದೆ. ಹೆಚ್ಚಾದರೆ ರಕ್ತ ತೆಳುವಾಗುತ್ತದೆ, ಅದರೊಳಗಿನ ಉಪ್ಪು ಇಳಿಯುತ್ತದೆ, ಮಿದುಳು ಊದಿಕೊಳ್ಳುತ್ತದೆ. ಹಾಗಾಗಿ ನೀರಿನ ಚೀಲವನ್ನು ಎತ್ತರಕ್ಕೆ ತೂಗುಹಾಕಬಾರದು. ಎತ್ತರ ಹೆಚ್ಚಿದಷ್ಟೂ ನೀರು ರಭಸದಿಂದ ನುಗ್ಗುತ್ತದೆ. ಕೆರೆಯುವ ಕೆಲಸ ಒಂದು ಗಂಟೆ ದಾಟಬಾರದು. ಒಳಗೆ ಬಿಟ್ಟದ್ದು ಎಷ್ಟು, ಬಕೆಟ್ಟಿಗೆ ಬಂದದ್ದು ಎಷ್ಟು ಎಂದು ನಡುನಡುವೆ ಅಳೆದು ನೋಡಬೇಕು. ಇದನ್ನೆಲ್ಲ ಇಂದುಮತಿಗೆ ಕಲಿಸಿದವರು ದೇಸಾಯಿಯವರೇ. ಮೊದಲೆಲ್ಲ ಅವರು ಕೊಳವೆಯಿಂದ ಕಣ್ಣು ತೆಗೆಯದೆಯೇ ಕೇಳುತ್ತಿದ್ದರು: "ಹೊತ್ತು ಎಷ್ಟಾತು? ಬಕೆಟ್ ನೋಡಿದ್ರೇನು?"

ವರ್ಷಗಳು ಕಳೆದವು. ಯಾರಿಗೂ ಏನೂ ಆಗಲಿಲ್ಲ. ಕೇಳುವುದು ಕಡಿಮೆಯಾಯಿತು. ಕೆಲವು ಸಲ ಒಂದು ಗಂಟೆಯ ಗಡುವೂ ಜಾರಿತು. ಆಗಲೂ ಏನೂ ಆಗಲಿಲ್ಲ.

ಹೀಗಿರುವಾಗ ದಾವಲಸಾಬ ಎಂಬವರು ಬಂದರು. ಊರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಗಾಜಿನ ಗೂಡಿನಲ್ಲಿ ಕುಳಿತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದ ಅವರ ದನಿ ಊರಿಗೆಲ್ಲ ಗೊತ್ತು. ಯಾವ ಬಸ್ಸು, ಯಾವ ಅಂಕಣ, ದಾರಿಯಲ್ಲಿ ಯಾವ ಯಾವ ಊರು ಎಂಬುದನ್ನು ಅವರು ಎಂದೂ ಓದಿ ಹೇಳಿದವರಲ್ಲ. ಎಲ್ಲವೂ ಬಾಯಲ್ಲೇ ಇತ್ತು.

ಅವರಿಗೆ ಮೂತ್ರ ಕಟ್ಟಿ ಪೈಪು ಹಾಕಿದ್ದರು. ಪೈಪಿನ ತುದಿಯ ಚೀಲವನ್ನು ಪಂಚೆಯೊಳಗೆ ಮುಚ್ಚಿಕೊಂಡು ತಿಂಗಳುಗಟ್ಟಲೆ ಓಡಾಡಿದ್ದರು. ಬಸ್ ನಿಲ್ದಾಣಕ್ಕೆ ಹೋಗಿ ಹಳೆಯ ಗೆಳೆಯರೊಡನೆ ಚಹಾ ಕುಡಿಯುವುದನ್ನು ಬಿಟ್ಟರು. ಮಸೀದಿಗೆ ಹೋಗುವುದನ್ನೂ ಬಿಟ್ಟರು. ಆ ಚೀಲ ಕಟ್ಟಿಕೊಂಡು ನಮಾಜಿನ ಸಾಲಿನಲ್ಲಿ ನಿಲ್ಲಲು ಅವರ ಮನಸ್ಸು ಒಪ್ಪಲಿಲ್ಲ. ಹೆಂಡತಿ ಹುಸೇನಬಿ ಹೇಳಿದಳು, ಮನೆಯಲ್ಲಿ ಅವರು ಮಾತಾಡುವುದೇ ನಿಂತುಹೋಗಿದೆ ಎಂದು.

ಪರೀಕ್ಷೆ ಮಾಡಿ ನೋಡಿದರೆ ಗ್ರಂಥಿ ಬಹಳ ದೊಡ್ಡದಾಗಿತ್ತು. ಹೊಟ್ಟೆ ಕೊಯ್ದು ತೆಗೆಯೋಣವೆಂದರೆ ಹೃದಯ ಗಟ್ಟಿಯಿಲ್ಲ. ಇಂದುಮತಿ ದೇಸಾಯಿಯವರಿಗೆ ಹೇಳಿದಳು:

"ಸರ್, ಇದು ಒಂದು ತಾಸಿನಾಗ ಮುಗಿಯೂದಲ್ಲ. ಈಗ ಅರ್ಧ ತೆಗೆದು, ಒಂದೆರಡು ತಿಂಗಳು ಬಿಟ್ಟು ಉಳಿದದ್ದು ತೆಗೆಯೋಣೇನು?"

ಹಾಸಿಗೆಯ ಮೇಲೆ ಕುಳಿತಿದ್ದ ದಾವಲಸಾಬರಿಗೆ ಅದು ಕೇಳಿಸಿತು. ಅವರು ಕೈ ಮುಗಿದರು.

"ಎರಡು ಸಲ ಬ್ಯಾಡ್ರಿ ಸಾಹೇಬರ. ಒಂದ ಸಲಕ್ಕ ಮುಗಿಸಿಬಿಡ್ರಿ. ಮತ್ತ ಈ ಪೈಪ್ ಕಟಿಗೊಂಡು ನಾ ಮನಿಗೆ ಹೋಗಂಗಿಲ್ಲ."

ದೇಸಾಯಿಯವರು ಅವರ ಹೆಗಲ ಮೇಲೆ ಕೈಯಿಟ್ಟು, "ಒಂದ ಸಲಕ್ಕ ಮುಗಸ್ತೀನಿ" ಎಂದರು.

ಇಂದುಮತಿ ಸುಮ್ಮನಾದಳು. ಮುದುಕರ ಮುಖ ಅರಳಿತ್ತು. ಅದನ್ನು ಬಾಡಿಸುವುದು ಆಕೆಗೆ ಬೇಕಿರಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಇಂದುಮತಿ ದಾವಲಸಾಬರ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದಳು. ಪೂರ್ತಿ ನಿದ್ದೆ ಬರಿಸಲಿಲ್ಲ. ಈ ಕೆಲಸದಲ್ಲಿ ರೋಗಿ ಎಚ್ಚರವಾಗಿರುವುದು ಒಳ್ಳೆಯದು. ನೀರು ರಕ್ತಕ್ಕೆ ಸೇರಿದರೆ ಮೊದಲು ಕೆಡುವುದು ಬುದ್ಧಿ. ಬುದ್ಧಿ ಕೆಟ್ಟದ್ದು ಮಾತಿನಲ್ಲಿ ತಿಳಿಯುತ್ತದೆ. ಆಕೆ ರೋಗಿಯ ತಲೆಯ ಬಳಿ ಸ್ಟೂಲು ಹಾಕಿಕೊಂಡು ಕುಳಿತಳು.

"ದಾವಲಸಾಬರ, ಸುಮ್ಮನ ಮಲಗಬ್ಯಾಡ್ರಿ. ಮಾತಾಡ್ರಿ" ಎಂದಳು.

"ಏನ್ ಮಾತಾಡ್ಲಿ ಡಾಕ್ಟ್ರಬಾಯಿ?"

"ಬಸ್ ಕೂಗ್ರಿ. ನಾ ಸಣ್ಣಾಕಿ ಇದ್ದಾಗಿಂದ ಕೇಳೀನಿ ನಿಮ್ಮ ದನಿ."

ದಾವಲಸಾಬರು ನಕ್ಕರು. ಗಂಟಲು ಸರಿಮಾಡಿಕೊಂಡು ಕೂಗಿದರು: "ಪ್ರಯಾಣಿಕರ ಗಮನಕ್ಕೆ. ಮೂರನೇ ಅಂಕಣದಲ್ಲಿ ನಿಂತಿರುವ ಬಸ್ಸು ಬಸಾಪುರ, ಕಲ್ಲೂರ ಕ್ರಾಸ್, ಹಿರೇಹಾಳ, ನೀರಲಗಿ ಮಾರ್ಗವಾಗಿ ಕೋಟೆಗೆ ಹೋಗುತ್ತದೆ." ನೀರಿನ ಚೀಲ, ಬಕೆಟ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ನಕ್ಕಳು. ದೇಸಾಯಿಯವರೂ ಕೊಳವೆಯಿಂದ ಕಣ್ಣು ತೆಗೆಯದೆ ನಕ್ಕರು. ಒಂದು ಬಸ್ಸಾದ ಮೇಲೆ ಇನ್ನೊಂದು ಬಸ್ಸು ಹೊರಟಿತು. ಅವರಿಗೆ ಮಾತು ಮರಳಿ ಬಂದಿತ್ತು.

ಕೆಲಸ ಅರ್ಧಕ್ಕೆ ಬಂದಾಗ ರಕ್ತ ಹೆಚ್ಚಾಯಿತು. ದೇಸಾಯಿಯವರು, "ಏನೂ ಕಾಣಸವಲ್ದು. ಚೀಲ ಸ್ವಲ್ಪ ಮ್ಯಾಲ ಮಾಡ್ರಿ" ಎಂದರು.

ಸಿಸ್ಟರ್ ಸ್ಟ್ಯಾಂಡಿಗೆ ಕೈ ಹಾಕಿ ಇಂದುಮತಿಯ ಮುಖ ನೋಡಿದಳು. ಚೀಲ ಎಷ್ಟು ಎತ್ತರದಲ್ಲಿರಬೇಕೋ ಅಷ್ಟು ಎತ್ತರದಲ್ಲೇ ಇತ್ತು. ಕಾಣಿಸದಿದ್ದರೆ ರಕ್ತ ನಿಲ್ಲಿಸುವುದು ಹೇಗೆ ಎಂದು ಇಂದುಮತಿ ಯೋಚಿಸಿದಳು. ಸ್ವಲ್ಪ ಹೊತ್ತಿಗೆ ತಾನೇ ಎಂದುಕೊಂಡಳು. ತಲೆಯಾಡಿಸಿದಳು. ಚೀಲ ಮೇಲೆ ಹೋಯಿತು. ರಕ್ತ ನಿಂತ ಮೇಲೂ ಅದು ಕೆಳಗೆ ಇಳಿಯಲಿಲ್ಲ.

ಗಂಟೆ ತುಂಬಿತು. ಇಂದುಮತಿ ಹೇಳಿದಳು:

"ಸರ್, ಒಂದು ತಾಸಾತು."

"ಆತು, ಆತು. ಎಡಗಡೆ ಒಂದಿಷ್ಟು ಉಳದದ."

ಆಕೆ ನಾಡಿ ನೋಡಿದಳು. ಸರಿಯಿತ್ತು. ರಕ್ತದ ಒತ್ತಡ ಒಂದಿಷ್ಟು ಏರಿತ್ತು. ದಾವಲಸಾಬರು ಐದನೇ ಅಂಕಣದ ಬಸ್ಸನ್ನು ಸರಿಯಾಗಿಯೇ ಕಳಿಸಿದರು. ಇಂದುಮತಿ ಕಾದಳು. ಎಡಗಡೆ ಮುಗಿಯಿತು. ದೇಸಾಯಿಯವರ ಕೈ ನಿಲ್ಲಲಿಲ್ಲ. ಬಲಗಡೆಗೆ ಹೋಯಿತು.

ಆಗ ಸಿಸ್ಟರ್ ಬಕೆಟ್ಟಿನ ಬಳಿಯಿಂದ ಎದ್ದಳು. ಒಳಗೆ ಬಿಟ್ಟ ನೀರಿಗೂ ಹೊರಗೆ ಬಂದ ನೀರಿಗೂ ಬಹಳ ಅಂತರ ಬಂದಿದೆ ಎಂದಳು. ಇಂದುಮತಿ ಈ ಸಲ ದನಿ ಎತ್ತರಿಸಿ ಹೇಳಿದಳು:

"ಸರ್, ನೀರು ಒಳಗ ಉಳೀಲಿಕ್ಕತ್ತದ. ಇನ್ನ ನಿಲ್ಲಸ್ರಿ."

ದೇಸಾಯಿಯವರಿಗೆ ಸಿಟ್ಟು ಬಂತು. ಆಕೆಯ ಮೇಲೆ ಅವರು ಎಂದೂ ಸಿಟ್ಟಾದವರಲ್ಲ.

"ನಂಗೂ ಗೊತ್ತದ ಇಂದುಮತಿ. ಇಷ್ಟು ಮಾಡಿ ಇಲ್ಲಿಗೆ ಬಿಟ್ರ ನಾಳೆ ಅವರ ಮುಖ ನಾ ಹೆಂಗ ನೋಡಲಿ? ಮುಗೀಲಿಕ್ಕೆ ಬಂತು."

ಆಕೆ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಆ ಕ್ಷಣದಲ್ಲಿ ಆಕೆಗೆ ಆದದ್ದೇನು ಎಂಬುದನ್ನು ನೀನು ಕೇಳಿಸಿಕೊಳ್ಳಬೇಕು. ಆಕೆಯ ಮನಸ್ಸು ಹಗುರವಾಯಿತು. ಹೇಳಬೇಕಾದದ್ದನ್ನು ಹೇಳಿಯಾಯಿತು, ಸಿಸ್ಟರ್ ಕೇಳಿಸಿಕೊಂಡಿದ್ದಾಳೆ, ಇನ್ನು ಇದು ಅವರ ತೀರ್ಮಾನ ಎಂದುಕೊಂಡಳು. ರಕ್ತದ ಉಪ್ಪು ಎಷ್ಟಿದೆ ಎಂದು ನೋಡಲು ದಾವಲಸಾಬರ ತೋಳಿನಿಂದ ಒಂದಿಷ್ಟು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದಳು. ಮೈಯಿಂದ ನೀರು ಇಳಿಸುವ ಔಷಧಿಯನ್ನು ಸಿರಿಂಜಿಗೆ ತುಂಬಿಕೊಂಡಳು. ಮಾಡಬೇಕಾದದ್ದನ್ನೆಲ್ಲ ಕ್ರಮವಾಗಿ ಮಾಡಿದಳು. ಅಷ್ಟು ಹೊತ್ತೂ ನೀರು ಹೋಗುತ್ತಲೇ ಇತ್ತು.

ದಾವಲಸಾಬರು ಆಕಳಿಸಿದರು. ಮತ್ತೆ ಆಕಳಿಸಿದರು. ಮುಖ ಉರಿಯುತ್ತಿದೆ ಎಂದರು. ತಲೆಯನ್ನು ಅತ್ತಿತ್ತ ಹೊರಳಿಸಿದರು.

"ಮೂರನೇ ಅಂಕಣದ ಬಸ್ ಕೂಗ್ರಿ ದಾವಲಸಾಬರ" ಎಂದಳು ಇಂದುಮತಿ.

"ಬಸಾಪುರ, ಕಲ್ಲೂರ ಕ್ರಾಸ್..." ಎಂದು ನಿಂತರು. "ಕಲ್ಲೂರ ಕ್ರಾಸ್. ಕಲ್ಲೂರ ಕ್ರಾಸ್." ಅವರ ಕಣ್ಣು ತೆರೆದೇ ಇತ್ತು. ತಲೆಯ ಮೇಲೆ ದೊಡ್ಡ ದೀಪ ಉರಿಯುತ್ತಿತ್ತು. "ಡಾಕ್ಟ್ರಬಾಯಿ, ಲೈಟ್ ಯಾಕ ಆರಿಸಿದ್ರಿ?" ಎಂದು ಕೇಳಿದರು.

ಇಂದುಮತಿ ಕಿರುಚಿದಳು. ದೇಸಾಯಿಯವರು ತಲೆಯೆತ್ತಿ ಆಕೆಯ ಮುಖ ನೋಡಿದ ಕೂಡಲೇ ಕೆರೆಯುವುದನ್ನು ನಿಲ್ಲಿಸಿದರು. ರಕ್ತ ಬರುತ್ತಿದ್ದ ನಾಳಗಳನ್ನು ಸುಟ್ಟು ರಕ್ತ ನಿಲ್ಲಿಸಿ ಕೊಳವೆ ಹೊರಗೆಳೆದರು. ಅಷ್ಟರಲ್ಲಿ ದಾವಲಸಾಬರ ಮೈ ಸೆಟೆದು ಅದುರತೊಡಗಿತು. ಇಂದುಮತಿ ಸೆಳೆತ ನಿಲ್ಲಿಸುವ ಔಷಧಿ ಕೊಟ್ಟಳು, ಗಂಟಲಿಗೆ ನಳಿಕೆ ಇಳಿಸಿದಳು, ಉಸಿರಿಗೆ ಯಂತ್ರ ಹಚ್ಚಿದಳು, ಗಟ್ಟಿ ಉಪ್ಪಿನ ದ್ರಾವಣವನ್ನು ಹನಿಹನಿಯಾಗಿ ಏರಿಸಿದಳು. ಪರೀಕ್ಷೆಯ ಫಲ ಬಂತು. ರಕ್ತದ ಉಪ್ಪು ಇಳಿಯಬಾರದಷ್ಟು ಇಳಿದಿತ್ತು.

ಅವರಿಗೆ ಮತ್ತೆ ಎಚ್ಚರವಾಗಲಿಲ್ಲ. ಕೆಲವು ದಿನ ಯಂತ್ರ ಉಸಿರಾಡಿಸಿತು. ದೇಸಾಯಿಯವರೂ ಇಂದುಮತಿಯೂ ಸರದಿಯಂತೆ ಪಕ್ಕದಲ್ಲಿ ಕುಳಿತರು. ರಕ್ತದ ಉಪ್ಪು ಸರಿಹೋಯಿತು. ಊದಿದ ಮಿದುಳು ಸರಿಹೋಗಲಿಲ್ಲ. ಶುಕ್ರವಾರ ಮಧ್ಯಾಹ್ನ, ಮಸೀದಿಗೆ ಹೋಗುವ ಜನ ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ನಡೆದುಹೋಗುತ್ತಿದ್ದಾಗ ದಾವಲಸಾಬರ ನಾಡಿ ನಿಂತಿತು.

ದೇಸಾಯಿಯವರು ಯಾರ ಹಿಂದೆಯೂ ಅಡಗಲಿಲ್ಲ. ತಾವೇ ಹೊರಗೆ ಬಂದರು. ಹುಸೇನಬಿಯೂ ಆಕೆಯ ಮಗಳೂ ಬೆಂಚಿನ ಮೇಲೆ ಕುಳಿತಿದ್ದರು. ಅವರ ಮುಂದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹೇಳಿದರು:

"ತಾಯಿ, ನೀರು ರಕ್ತಕ್ಕ ಸೇರಿತು. ನಾ ನಿಲ್ಲಸಬೇಕಿತ್ತು, ನಿಲ್ಲಸಲಿಲ್ಲ. ಇಂದುಮತಿ ಡಾಕ್ಟರ್ ಎರಡು ಸಲ ಹೇಳಿದ್ರು. ನಾ ಕೇಳಲಿಲ್ಲ. ತಪ್ಪು ನಂದು."

ಮಗಳು ಅವರನ್ನು ಬಾಯಿಗೆ ಬಂದಂತೆ ಬೈದಳು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹುಸೇನಬಿ ಬೈಯಲಿಲ್ಲ. ಎದ್ದು, ಬಾಗಿಲ ಬಳಿ ನಿಂತಿದ್ದ ಇಂದುಮತಿಯ ಹತ್ತಿರ ಬಂದಳು. ಆಕೆಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ನೀವರೆ ಹೇಳಿದ್ರಿ ತಾಯಿ" ಎಂದಳು. "ಕಡೀತನಕ ಅವರ ಮಗ್ಗಲಾಗ ಕುಂತಿದ್ರಿ. ಕಡೀಕ ಏನರ ಅಂದ್ರೇನ್ರಿ ಅವರು?"

ಬಸ್ ಕೂಗುತ್ತಿದ್ದರು ಎಂದು ಇಂದುಮತಿ ಹೇಳಿದಳು. ಲೈಟಿನ ಮಾತನ್ನು ಹೇಳಲಿಲ್ಲ. ಹುಸೇನಬಿಯ ಮುಖದಲ್ಲಿ ನಗುವಿನಂಥದ್ದೇನೋ ಮೂಡಿ ಅಳುವಾಯಿತು. ಆಕೆ ಇಂದುಮತಿಯ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಆಸ್ಪತ್ರೆಯವರು ವಿಚಾರಣೆ ನಡೆಸಿದರು. ದೇಸಾಯಿಯವರು ಹೊರಗೆ ಹೇಳಿದ್ದನ್ನೇ ಅಲ್ಲಿಯೂ ಹೇಳಿದರು. ಸಿಸ್ಟರ್ ಕೂಡ ಅದನ್ನೇ ಹೇಳಿದಳು. ಇಂದುಮತಿಯಿಂದ ಯಾವ ತಪ್ಪೂ ಆಗಿಲ್ಲ, ಆಕೆ ತನ್ನ ಕರ್ತವ್ಯ ಮಾಡಿದ್ದಾಳೆ ಎಂದು ತೀರ್ಮಾನವಾಯಿತು. ಜೊತೆಯವರು ಬಂದು ಸಮಾಧಾನ ಹೇಳಿದರು. ಬೇರೆ ಯಾರೇ ಆಗಿದ್ದರೂ ಅಷ್ಟು ದೊಡ್ಡವರಿಗೆ ಒಂದು ಸಲವೂ ಹೇಳುತ್ತಿರಲಿಲ್ಲ, ನೀನು ಎರಡು ಸಲ ಹೇಳಿದೆ ಎಂದರು. ಮನೆಯಲ್ಲಿ ತಂದೆಯೂ ಅದನ್ನೇ ಹೇಳಿದರು. ಆಕೆ ಎಲ್ಲರಿಗೂ ಹೂಂ ಎಂದಳು. ಒಬ್ಬಳೇ ಇದ್ದಾಗ ಆ ಎರಡು ಮಾತುಗಳನ್ನೂ ಮತ್ತೆ ಮತ್ತೆ ಆಡಿ ನೋಡುತ್ತಿದ್ದಳು. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತೇ, ಬೇರೆ ಶಬ್ದದಲ್ಲಿ ಹೇಳಬೇಕಿತ್ತೇ ಎಂದು ಹುಡುಕುತ್ತಿದ್ದಳು. ಯಾವ ಶಬ್ದ ಹಾಕಿದರೂ ದೇಸಾಯಿಯವರ ಉತ್ತರ ಒಂದೇ ಬರುತ್ತಿತ್ತು.

ದೇಸಾಯಿಯವರು ಆ ಆಪರೇಷನ್ನನ್ನು ಬಿಟ್ಟುಬಿಟ್ಟರು. ಸ್ವಲ್ಪ ದಿನಕ್ಕೆ ಆಸ್ಪತ್ರೆಯನ್ನೂ ಬಿಟ್ಟರು. ಹೊರಡುವಾಗ ಇಂದುಮತಿಯ ಕೋಣೆಯ ಬಾಗಿಲಿಗೆ ಬಂದು ನಿಂತು ಹೋದರು.

ಅವರ ಜಾಗಕ್ಕೆ ಉದಯಶಂಕರ ಎಂಬ ಹೊಸ ಶಸ್ತ್ರವೈದ್ಯ ಬಂದ. ವಯಸ್ಸಿನಲ್ಲಿ ಚಿಕ್ಕವನು, ಕೈ ಚುರುಕು. ನೇಕಾರನೊಬ್ಬ ಅದೇ ತೊಂದರೆಗೆ ಮೇಜು ಹತ್ತಿದ. ಇಂದುಮತಿ ಸ್ಟೂಲು ಹಾಕಿಕೊಂಡು ಕುಳಿತಳು. ನೇಕಾರ ತನ್ನ ಮಗ್ಗದ ವಿಷಯ ಮಾತಾಡಿದ. ಸಿಸ್ಟರ್ ಬಕೆಟ್ ಅಳೆಯುತ್ತ ಹೋದಳು. ಚೀಲ ಇರಬೇಕಾದಲ್ಲೇ ಇತ್ತು. ಆದರೂ ಅಂತರ ಬೆಳೆಯುತ್ತಿತ್ತು. ಗಂಟೆ ತುಂಬುವ ಮೊದಲೇ ಮಿತಿ ಮುಟ್ಟಿತು.

"ಡಾಕ್ಟರ್, ಮಿತಿ ಮುಟ್ಟಿತು. ನಿಲ್ಲಸ್ರಿ" ಎಂದಳು ಇಂದುಮತಿ.

"ಎರಡ ನಿಮಿಷ ಮೇಡಂ. ಒಂದ ಚೂರು ಅದ" ಎಂದ ಉದಯಶಂಕರ.

ಇಂದುಮತಿ ಎರಡನೆಯ ಸಲ ಹೇಳಲಿಲ್ಲ. ನೀರಿನ ಸ್ಟ್ಯಾಂಡು ಆಕೆಯ ಪಕ್ಕದಲ್ಲೇ ಇತ್ತು. ಎದ್ದು ನಿಲ್ಲಬೇಕಾದ ಅಗತ್ಯವೂ ಬೀಳಲಿಲ್ಲ. ಕೈ ಚಾಚಿ, ಚೀಲದಿಂದ ಇಳಿದಿದ್ದ ನಳಿಕೆಯ ಕ್ಲಿಪ್ಪನ್ನು ಒತ್ತಿ ಮುಚ್ಚಿದಳು. ನೀರು ನಿಂತಿತು. ಉದಯಶಂಕರನ ಕಣ್ಣ ಮುಂದೆ ಎಲ್ಲ ಕೆಂಪಾಯಿತು. ಕೆರೆಯುತ್ತಿದ್ದ ಅವನ ಕೈಯೂ ನಿಂತಿತು.

"ಏನ್ ಮಾಡೀರಿ ನೀವು? ನಂಗೇನೂ ಕಾಣಸವಲ್ದು!"

"ರಕ್ತ ನಿಲ್ಲಸಲಿಕ್ಕೆ ಎಷ್ಟು ಬೇಕೋ ಅಷ್ಟು ನೀರು ಬಿಡ್ತೀನಿ. ಕೆರೀಲಿಕ್ಕೆ ಒಂದು ಹನಿ ಬಿಡೂದಿಲ್ಲ" ಎಂದಳು ಇಂದುಮತಿ.

ಅವನು ಕೆಂಡವಾದ. ಬೇರೆ ದಾರಿಯಿರಲಿಲ್ಲ. ಆಕೆ ಸ್ವಲ್ಪ ಸ್ವಲ್ಪವೇ ಬಿಟ್ಟ ನೀರಿನಲ್ಲಿ ರಕ್ತ ನಿಲ್ಲಿಸಿ ಕೊಳವೆ ಹೊರಗೆಳೆದ. ನೇಕಾರನ ಮಾತು ನಡುವೆ ಎಲ್ಲಿಯೂ ತಪ್ಪಿರಲಿಲ್ಲ. ಯಾಕೆ ಎಲ್ಲರೂ ಜಗಳವಾಡುತ್ತಿದ್ದಾರೆ ಎಂದು ಅವನು ಕೇಳಿದ.

ಇಂದುಮತಿ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೋಡೆಗೆ ಆತುಕೊಂಡು ನಿಂತಳು. ತನ್ನ ಬಲಗೈಯನ್ನು ನೋಡಿಕೊಂಡಳು. ದಾವಲಸಾಬರ ದಿನವೂ ಆ ಸ್ಟ್ಯಾಂಡು ಅಲ್ಲೇ ಇತ್ತು. ಸ್ಟೂಲೂ ಅಲ್ಲೇ ಇತ್ತು. ವಿಚಾರಣೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ನೇಕಾರನಿಗೆ ಒಳಗೆ ಒಂದಿಷ್ಟು ಮಾಂಸ ಉಳಿದಿತ್ತು. ಕೆಲವು ತಿಂಗಳಾದ ಮೇಲೆ ಅವನು ಮತ್ತೆ ಬಂದು ಮೇಜು ಹತ್ತಬೇಕಾಯಿತು. ಈ ಆಸ್ಪತ್ರೆಯಲ್ಲಿ ಅರ್ಧಂಬರ್ಧ ಕೆಲಸ ಮಾಡುತ್ತಾರೆ, ಆ ಡಾಕ್ಟ್ರಮ್ಮ ನಡುವೆ ಬಾಯಿ ಹಾಕಿ ಕೆಡಿಸಿದಳು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ದೇಸಾಯಿ ಡಾಕ್ಟರಿದ್ದಿದ್ದರೆ ಒಂದೇ ಸಲಕ್ಕೆ ಮುಗಿಸುತ್ತಿದ್ದರು ಎಂದು ಜನ ದನಿಗೂಡಿಸಿದರು. ಉದಯಶಂಕರ ತನ್ನ ಆಪರೇಷನ್ನುಗಳಿಗೆ ಬೇರೆ ಅರಿವಳಿಕೆ ವೈದ್ಯರನ್ನು ಕರೆಸತೊಡಗಿದ. ಇಂದುಮತಿಯ ಜೊತೆ ಕೂತು ಚಹಾ ಕುಡಿಯುವವರು ಕಡಿಮೆಯಾದರು. ಆಕೆ ಯಾರಿಗೂ ಏನನ್ನೂ ವಿವರಿಸಲು ಹೋಗಲಿಲ್ಲ. ಎಂದಾದರೂ ಬಸ್ ನಿಲ್ದಾಣದ ಮುಂದೆ ಹೋಗಬೇಕಾಗಿ ಬಂದರೆ ಸುತ್ತು ಹಾಕಿ ಬೇರೆ ರಸ್ತೆಯಲ್ಲಿ ಹೋಗುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: "ಆದರೂ ಗುರುಗಳೇ, ಆ ತಾಯಿ ಎರಡು ಸಲ ಹೇಳಿದ್ದರಲ್ಲ?"

ಗುರುಗಳು ಹೇಳಿದರು: "ಹೌದು, ಇನ್ನು ಎಷ್ಟು ಸಲ ಹೇಳಿದ್ದರೆ ಆ ಮನುಷ್ಯ ಬದುಕುತ್ತಿದ್ದ?"